ಕಾಲುಚೀಲ

ಮೊದಲ ದಿನದ ಪುಟ:
ಹನ್ನೊಂದು ಗಂಟೆ, ವಿಂಧ್ಯಗಿರಿಯ ಬುಡ, ಬಿಸಿಲು.
ಚಪ್ಪಲಿ ಬಿಡುವ ಜಾಗದ ಎಡಕ್ಕೆ ಹೆಂಗಸು,
ಐವತ್ತರ ಆಸುಪಾಸು, ಮಡಿಲ ತುಂಬ ಕಾಲುಚೀಲ,
ಜೊತೆಗೆ ಇಪ್ಪತ್ತು ರೂಪಾಯಿ.
ಹೆಸರು ಬರೆಯಬಾರದೆಂದು ಮೈಸೂರಿನಲ್ಲಿ ಕಲಿಸಿದ್ದರು.
ಮಾ-೧ ಎಂದು ಬರೆದೆ.
ಮಾಹಿತಿದಾರಳು, ಒಂದನೆಯವಳು.

ಮಾ-೧ ನನ್ನನ್ನು ಮೂರು ದಿನ ಸುಮ್ಮನೆ ನೋಡಿದಳು.
ನಾಲ್ಕನೆಯ ದಿನ ಕರೆದಳು:
"ಯಾತರ ಲೆಕ್ಕ ಬರೀತೀಯವ್ವ? ಟ್ಯಾಕ್ಸಾ?"
ಅಲ್ಲ ಅಂದೆ. ಪ್ರವಾಸೋದ್ಯಮ ಅಂದೆ.
ಬರುವವರು ಯಾರು, ಯಾಕೆ, ಊರು ಅವರ ಕಣ್ಣಿಗೆ ಹೇಗೆ...
"ಅಲ್ಲಿ ನಿಂತ್ರೆ ಏನು ಕಂಡಾತು? ಬಾ, ಕೂತ್ಕೋ.
ಕಾಲು ನೋಡು."

ಕೂತೆ, ಗೋಣಿತಟ್ಟಿನ ಮೇಲೆ.
ಅಲ್ಲಿಂದ ಲೋಕಕ್ಕೆ ಮುಖವಿಲ್ಲ.
ಬಿರಿದ ಹಿಮ್ಮಡಿ. ಮದರಂಗಿ ಇನ್ನೂ ಮಾಸದ ಪಾದ.
ಶೂ ಬಿಚ್ಚಿದ್ದೇ ನಾಚಿ ಒಳಕ್ಕೆ ಮುದುಡುವ ಬೆರಳು.
ಶಾಲೆಯ ಪ್ರವಾಸದ ಮಕ್ಕಳು, ಏನೂ ಕೊಳ್ಳದವರು,
ಕಾದ ಬಂಡೆಯ ಮೇಲೆ ಎಳ್ಳು ಸಿಡಿದಂತೆ ಹತ್ತಿಹೋದರು.
ಎಲ್ಲಿಂದಲೋ ಎರಡು ರಾತ್ರಿ ರೈಲಿನಲ್ಲಿ ಬಂದ ಅಜ್ಜಿಗೆ
ಬರಿಗಾಲಲ್ಲೇ ಹತ್ತುವ ಹಟ.
ಮಗ ಒಂದು ಜೊತೆ ಕೊಂಡು ಅವಳಿಗೆ ಕಾಣದಂತೆ ಜೇಬಿಗಿಟ್ಟ.

"ಮೇಲಿರೋನು ಮೈಮೇಲೆ ಒಂದು ನೂಲು ಇಟ್ಕೊಂಡಿಲ್ಲ.
ಅವನ್ನ ನೋಡಕ್ಕೆ ಬರೋರಿಗೆ ನಾನು ತೊಡಿಸ್ಬೇಕು" ಅಂದು ನಕ್ಕಳು ಸಣ್ಣತಾಯಮ್ಮ.

(ಹೆಸರು ಬಂದುಬಿಟ್ಟಿತು. ಇರಲಿ.)

ಯಾರು ಚೌಕಾಸಿ ಮಾಡುತ್ತಾರೆ, ಯಾರು ಚಿಲ್ಲರೆ ಬಿಟ್ಟು ಹೋಗುತ್ತಾರೆ,
ಹಿಮ್ಮಡಿ ನೋಡಿಯೇ ಹೇಳುತ್ತಿದ್ದಳು.
ಹತ್ತರಲ್ಲಿ ಎಂಟು ನಿಜ.
ನಲವತ್ತೆರಡು ಪ್ರಶ್ನೆಗಳ ನನ್ನ ಹಾಳೆ
ಬ್ಯಾಗಿನೊಳಗೇ ಬೆವರಿತು.

ಡೋಲಿಯ ದ್ಯಾವಯ್ಯ ಮೆಟ್ಟಿಲು ಎಣಿಸುವವನಲ್ಲ.
ಬಂದವರೆಲ್ಲ ಕೇಳುವುದು ಅದನ್ನೇ. ಬಾಯಿಗೆ ಬಂದದ್ದು ಹೇಳುತ್ತಾನೆ,
ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗಿಲ್ಲ.
ಅವನ ಲೆಕ್ಕ ತೂಕದ್ದು. ನನ್ನನ್ನು ಒಮ್ಮೆ ನೋಡಿ
"ಐವತ್ತಾರು. ಆ ಪುಸ್ತಕ ಇಳಿಸಿದ್ರೆ ಐವತ್ತೈದು."
ಪಾಲ್ಗೊಂಡು ಗಮನಿಸಬೇಕಲ್ಲ,
ಖಾಲಿ ಡೋಲಿಗೆ ಹೆಗಲು ಕೊಟ್ಟೆ.
ಹದಿನೇಳು ಮೆಟ್ಟಿಲು.
ಬೊಂಬು ವಾಪಸು ಇಸಿದುಕೊಂಡು ನಾಲ್ವರೂ ನಕ್ಕರು,
ಬಯ್ದಿದ್ದರೆ ವಾಸಿಯಿತ್ತು.
ಆ ರಾತ್ರಿಯ ಟಿಪ್ಪಣಿ ಎರಡೇ ಪದ: ಎಡ ಹೆಗಲು.

ಎರಡನೇ ತಿಂಗಳು ಮನೆಗೆ ಕರೆದಳು.
ಹಿತ್ತಿಲಲ್ಲಿ ಮೂರು ಸಾಲು ಹಗ್ಗ,
ಹಗ್ಗದ ತುಂಬ ಕಾಲುಚೀಲ, ಜೋಡಿ ತಪ್ಪಿದವು, ಜೋಡಿಯಾದವು,
ಇಳಿದವರು ಕಳಚಿ ಎಸೆದು ಹೋದವು.
ಸಂಜೆ ಹೆಕ್ಕಿ, ಸೋಡಾಪುಡಿ ಹಾಕಿ ಕುದಿಸಿ, ಒಗೆದು,
ಬೆಳಿಗ್ಗೆ ಮತ್ತೆ ಮಡಿಲಿಗೆ.
ಗಾಳಿಗೆ ಅವೆಲ್ಲ ಒಟ್ಟಿಗೇ ಎತ್ತಲೋ ಹೆಜ್ಜೆ ಹಾಕುತ್ತಿದ್ದವು.
ಲೋಟದಲ್ಲಿ ಚಹಾ ಕೊಡುತ್ತ ಅಂದಳು:
"ಇದನ್ನ ಬರೀಬ್ಯಾಡ."

ಬರೆಯಲಿಲ್ಲ.
ಪ್ರಬಂಧದ ಮೂರನೇ ಅಧ್ಯಾಯದಲ್ಲಿ
ಮಾ-೧ ಸಂಜೆ ಆರರ ನಂತರ ಏನೂ ಮಾಡುವುದಿಲ್ಲ.
ಪರೀಕ್ಷಕರು ಚೆನ್ನಾಗಿದೆ ಎಂದರು.
ಇದು ಪ್ರಬಂಧವಲ್ಲ, ಕವಿತೆ, ಕವಿತೆಗೆ ಒಪ್ಪಿಗೆಪತ್ರ ಬೇಡ
ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುವುದನ್ನೂ
ಇಲ್ಲಿ ದಾಖಲಿಸಬೇಕು.

ಕೊನೆಯ ದಿನ ಇನ್ನೊಮ್ಮೆ ಹತ್ತಿ ಬರುತ್ತೇನೆಂದೆ.
ಎರಡು ತಿಂಗಳು ಬಿಟ್ಟಿ ಕೊಟ್ಟವಳು
ಅವತ್ತು ಕೈ ಚಾಚಿದಳು.
"ಇಪ್ಪತ್ತು. ಹೋಗೋರ ಹತ್ರ ಇಸ್ಕೋಬೇಕು ಕಣವ್ವ."
ಕೊಟ್ಟೆ. ನೋಟನ್ನು ಕಣ್ಣಿಗೊತ್ತಿ ಸೆರಗಿಗೆ ಕಟ್ಟಿದಳು,
ಆಗಲೇ ನನ್ನ ಹಿಂದಿನವರ ಕಾಲು ನೋಡತೊಡಗಿದ್ದಳು.

ಬದಿಗೆ ಸರಿದು ಕೂತು
ಒಂದು ಚೀಲ ಬಿಡಿಸಿದೆ.
ಹಿಮ್ಮಡಿಯ ಕಡೆ, ಎಷ್ಟು ಒಗೆದರೂ ಹೋಗದೆ,
ಯಾರದೋ ಕಾಲಿನ ಉಬ್ಬು ಇನ್ನೂ ಇತ್ತು.