ಘಾಟಿಲ್ಲದ ಮೆಣಸು

ಸಂಜೆ ಐದೂವರೆಗೆ ಬರುತ್ತದೆ, ಹೊಸನಗರದ ಬಸ್ಸಿಗಿಂತ ಸರಿಯಾಗಿ.
ಮೊದಲು ಸೊಂಟ, ಆಮೇಲೆ ಚಳಿ,
ನಡುರಾತ್ರಿ ಬನಿಯನ್ ಹಿಂಡುವಷ್ಟು ಬೆವರು.
ಬೆಳಿಗ್ಗೆ ಏನೂ ಆಗದವನಂತೆ ಎದ್ದು
ರಿಪ್ಪನ್‌ಪೇಟೆಯ ಪಶು ಆಸ್ಪತ್ರೆಯ ಬೀಗ ತೆಗೆಯುತ್ತೇನೆ.

ಮಂಗನ ಕಾಯಿಲೆ ಎಂದರು; ಕಾಡಿನ ಕಡೆ ತಲೆಹಾಕಿರಲಿಲ್ಲ.
ಟೈಫಾಯ್ಡ್ ಎಂದರು; ಗಂಜಿ ಕುಡಿದೆ.
ಗುತ್ಯಮ್ಮ ದೃಷ್ಟಿ ತೆಗೆದು ಒಲೆಗೆ ಮೆಣಸು ಹಾಕಿದಳು.
ಚಟಪಟ ಉರಿಯಿತು, ಘಾಟೇ ಬರಲಿಲ್ಲ.
ನೋಡು, ಎಂಥಾ ಕಣ್ಣು ಬಿದ್ದಿದೆ, ಅಂದಳು.

ಮೂರನೇ ತಿಂಗಳು, ಶಿವಮೊಗ್ಗ.
ಲ್ಯಾಬಿನ ಫಹಮೀದಾ ಬಿಳಿ ಬಿಲ್ಲೆಯ ಮೇಲೆ
ನನ್ನ ರಕ್ತದ ತಿಳಿಗೆ ಗುಲಾಬಿ ಹನಿ ಸೇರಿಸಿ ತೂಗಿದಳು.
ನಾಲ್ಕು ನಿಮಿಷಕ್ಕೆ
ಒಡೆದ ಹಾಲಿನ ಹಾಗೆ ತರಿ ತರಿ.
ಎಷ್ಟು ದನಗಳಿಗೆ ಮಾಡಿಸಿದ್ದೇನೆ ಈ ಪರೀಕ್ಷೆ!
ನನ್ನ ಚೀಟಿಯಲ್ಲಿ ಕಿವಿಯೋಲೆಯ ನಂಬರೊಂದು ಇರಲಿಲ್ಲ, ಅಷ್ಟೇ.

ಕೋಡೂರಿನ ಆ ಗಿಡ್ಡ ಹಸು.
ಏಳನೇ ತಿಂಗಳಿಗೆ ಕಂದು ಹಾಕಿತ್ತು, ಕಸ ಬಿದ್ದಿರಲಿಲ್ಲ.
ಗ್ಲೌಸು ಮುಗಿದಿತ್ತು.
ಮೊಣಕೈವರೆಗೆ ಎಣ್ಣೆ ಸವರಿ ಕೈಹಾಕಿದೆ;
ಹೆಬ್ಬೆರಳಲ್ಲೊಂದು ಕತ್ತಿಯ ಗೀರು ಇತ್ತು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು.
ಎಲ್ಲ ಕ್ರಿಮಿಗೂ ಕೊಬ್ಬು ಸಕ್ಕರೆ ನೇಯ್ದ ಪೊರೆಯುಂಟಂತೆ.
ರಕ್ತಕ್ಕಿಳಿದರೆ ಮೆಣಸು ಸುಟ್ಟಂತೆ ಘಾಟು,
ಕಾವಲಿನ ಕಣಗಳು ಕೆಮ್ಮುತ್ತ ಓಡಿಬರಬೇಕು.
ಇದರ ಪೊರೆಯೂ ಅದೇ ನೇಯ್ಗೆ, ಎಳೆ ಬೇರೆ.
ಘಾಟಿಲ್ಲ.
ಬಿಳಿಕಣ ನುಂಗುತ್ತದೆ, ನಿಜ.
ನುಂಗಿದ್ದು ಹೊಟ್ಟೆಯ ಹುಳಿಗೆ ಬೀಳುವ ಮೊದಲೇ
ಮೈಯಿಂದೊಂದು ಸಕ್ಕರೆಯ ಬಳೆ ಬಿಚ್ಚಿ
ಸುತ್ತಲಿನ ಗೋಡೆಯ ಜಿಡ್ಡು ಹೀರಿ
ದಾರಿ ತಿರುಗಿಸುತ್ತದೆ, ಅಡುಗೆಮನೆಯತ್ತ.
ಅಲ್ಲೇ ಒಲೆಯ ಮಗ್ಗುಲಲ್ಲಿ ಸಂಸಾರ.
ತಿಂಗಳುಗಟ್ಟಲೆ. ಒಮ್ಮೊಮ್ಮೆ ವರ್ಷ.

ನನಗೆ ನಗು ಬಂತು. ಡಾಕ್ಟರು ಮುಖ ನೋಡಿದರು.
ಅವರಿಗೇನು ಗೊತ್ತು,
ಆರನೇ ಕ್ಲಾಸಿನಿಂದ ಆನಂದಪುರದ ಚಿಕ್ಕಮ್ಮನ ಮನೆ.
ಲೋಟ ಇಟ್ಟರೆ ಸದ್ದಾಗಬಾರದು.
ಅಗುಳಿಗೆ ಬೆರಳು ಅಡ್ಡ ಕೊಟ್ಟು ಬಾಗಿಲು ಹಾಕಬೇಕು.
ಹಸಿವೆಂದು ಹೇಳಬಾರದು; ಹೇಳದಿದ್ದರೆ ಸಿಗುತ್ತದೆ.
ಒಲೆಯ ಮಗ್ಗುಲಲ್ಲಿ ಚಾಪೆ, ಏಳು ವರ್ಷ.
ಬಂದ ನೆಂಟರಿಗೆ ಚಿಕ್ಕಪ್ಪ ಹೇಳುತ್ತಿದ್ದ:
ಇವ ಮನೇಲಿದಾನೆ ಅಂತಲೇ ಗೊತ್ತಾಗಲ್ಲ ಮಾರಾಯ್ರೆ.
ಹೊಗಳಿಕೆ ಅಂದುಕೊಂಡಿದ್ದೆ.

ಈಗ ಆರು ವಾರ ಮಾತ್ರೆ, ಕಿತ್ತಳೆ ಬಣ್ಣದ ಉಚ್ಚೆ.
ಮಧ್ಯೆ ಬಿಟ್ಟರೆ ಮತ್ತೆ ಬರುತ್ತದಂತೆ.
ಕೋಡೂರಿಗೆ ಹೋಗಿ ಹಾಲು ಕಾಯಿಸಿಯೇ ಕುಡಿಯಿರಿ ಎಂದು ಬಂದೆ.
ಆ ಹಸು ನನ್ನ ಅಂಗೈ ಮೂಸಿ
ಸುಮ್ಮನೆ ಹುಲ್ಲಿಗೆ ಬಾಯಿ ಹಾಕಿತು.

ಐದೂಕಾಲು.
ಕೊರಳು ಮುಟ್ಟಿಕೊಳ್ಳುತ್ತೇನೆ, ತಣ್ಣಗಿದೆ.
ತಣ್ಣಗಿರುವುದನ್ನು ನಂಬುವುದೇ ಕಷ್ಟ.
ಮಾತ್ರೆ ನುಂಗಿ
ಲೋಟವನ್ನು ಜಗಲಿಗೆ ಕುಕ್ಕಿದೆ, ಬೇಕೆಂದೇ.
ಏನಾಯ್ತು, ಅಂದಳು ಗುತ್ಯಮ್ಮ ಒಳಗಿಂದ.