ಬರುವುದಾದರೆ, ಹನ್ನೆರಡಕ್ಕೆ

ಬೇಲಿಯಾಚೆಯಿಂದ ಕೇಳಿದೆಯಲ್ಲ,
ಭಾನುವಾರ ಅಲ್ಲಿ ಏನೇನಿರುತ್ತದೆ ಎಂದು,
ಸೊಂಟದ ಮೇಲೆ ಒದ್ದೆಬಟ್ಟೆಯ ಬುಟ್ಟಿ ಹೊತ್ತು.
ಮೊದಲು ಅದನ್ನೇ ಹೇಳಿಬಿಡುತ್ತೇನೆ, ಬೇಸರಿಸಬೇಡ:
ನಾಳೆ ತಂತಿಯ ಮೇಲೆ ಬಟ್ಟೆ ಹರವಬೇಡ.
ಯಾರೂ ಬೈಯುವುದಿಲ್ಲ. ನೋಡುತ್ತಾರೆ, ಅಷ್ಟೆ.
ನಮ್ಮ ಲೂಯಿಸ್ ದ್ವೀಪದಲ್ಲಿ
ಗಾಳಿಗಿಂತ ನೋಟ ಜೋರು.

ಹನ್ನೆರಡಕ್ಕೆ ಗೇಲಿಕ್, ಸಂಜೆ ಆರಕ್ಕೆ ಇಂಗ್ಲಿಷ್.
ಹನ್ನೆರಡಕ್ಕೇ ಬಾ. ಒಂದು ಮಾತೂ ತಿಳಿಯದಿದ್ದರೆ ಇನ್ನೂ ಒಳ್ಳೆಯದು.
ತಿಳಿಯುವವರು ಹತ್ತೊಂಬತ್ತು ಮಂದಿ ಉಳಿದಿದ್ದೇವೆ,
ಅದರಲ್ಲಿ ಇಬ್ಬರಿಗೆ ಕಿವಿ ಮಂದ.

ಟೋಪಿ ಬೇಕೆಂದೇನಿಲ್ಲ ಈಗ. ನಾನು ಹಾಕುತ್ತೇನೆ,
ತಂಗಿ ಮರ್ಡಿನಾಳದು, ನೀಲಿ,
ಅವಳು ಹೋದಮೇಲೆ ಅವಳ ಗಂಡ ಡಬ್ಬಿ ಸಮೇತ ತಂದುಕೊಟ್ಟದ್ದು.
ಬಾಗಿಲಲ್ಲಿ ಕಾಣಿಕೆ ತಟ್ಟೆ, ಪಕ್ಕದಲ್ಲಿ ಆರ್ಚಿ.
ಹೊಸ ಕುರಿ ಡಾಕ್ಟರು ನೀನು;
ಅವನ ಕುರಿಗೆ ಕೆಚ್ಚಲು ಬಾವು.
ಕೇಳಲು ನಾಲಗೆ ತುರಿಸುತ್ತದೆ, ಕೇಳಲಾರ.
ಸೋಮವಾರ ಬೆಳಗ್ಗೆ ಏಳಕ್ಕೆ ಫೋನು ಬಂದರೆ
ಅವನೇ ಎಂದು ತಿಳಿ.

ಒಳಗೆ ಬರಿಗೋಡೆ.
ಶಿಲುಬೆಯಿಲ್ಲ, ಬತ್ತಿಯಿಲ್ಲ, ಹೂವಿಲ್ಲ, ಆರ್ಗನ್ನಿಲ್ಲ,
ಕಿಟಕಿಗೆ ಬಣ್ಣದ ಗಾಜಿಲ್ಲ, ಗಾಜಿನ ಮೇಲೆ ಉಪ್ಪಿನ ಕರೆ.
ಕಣ್ಣಿಗೆ ಏನನ್ನೂ ಬಡಿಸುವುದಿಲ್ಲ ನಾವು.
ಇದ್ದಬದ್ದದ್ದೆಲ್ಲ ಕಿವಿಗೆ.

ಪ್ರಾರ್ಥನೆ ನಿಂತು, ಹಾಡು ಕೂತು,
ಬೇರೆ ಕಡೆಯದೆಲ್ಲ ಇಲ್ಲಿ ತಿರುಗುಮುರುಗು.
ತಪ್ಪುತ್ತೀ. ತಪ್ಪಿದರೆ ತಪ್ಪು.
ನನ್ನ ಮೊಣಕಾಲು ಕಟಕ್ಕೆಂದಾಗ ಏಳು.

ಉಪದೇಶ ಐವತ್ತು ನಿಮಿಷ, ಮೂರು ಕವಲು.
ಮೊದಲ ಕವಲು ಮುಗಿಯುವಾಗ ಬೆಂಚಿನುದ್ದಕ್ಕೂ
ಬಿಳಿ ಪೆಪ್ಪರ್‌ಮಿಂಟ್ ಬರುತ್ತದೆ ಕೈಯಿಂದ ಕೈಗೆ.
ಚೀಪು, ಕಡಿಯಬೇಡ.
ಏಳು ವರ್ಷದವಳಿದ್ದಾಗ, ನರಕದ ವರ್ಣನೆಯ ನಟ್ಟನಡುವೆ,
ನಾನು ಕಡಿದುಬಿಟ್ಟೆ. ಅಜ್ಜಿ
ಇವತ್ತಿಗೂ ತಿರುಗಿ ನೋಡುತ್ತಿದ್ದಾಳೆ.

ಏನು ನಂಬುತ್ತೀ ಎಂದು ಯಾರೂ ಕೇಳುವುದಿಲ್ಲ.
ಎಪ್ಪತ್ತು ವರ್ಷದಲ್ಲಿ ನನ್ನನ್ನೂ ಕೇಳಿಲ್ಲ.
ಕೇಳದಿದ್ದದ್ದೇ ಒಳ್ಳೆಯದಾಯಿತು.

ಇನ್ನು ರೂರಿಯ ವಿಷಯ.
ಹಿರಿಯರ ಸಾಲಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು,
ಕೀರ್ತನೆಯ ಒಂದು ಸೊಲ್ಲು ಎತ್ತುತ್ತಾನೆ, ಒಬ್ಬನೇ.
ಅದು ನೆಲಕ್ಕೆ ಬೀಳುವ ಮೊದಲೇ ನಾವು ಹಿಡಿಯುತ್ತೇವೆ.
ರಾಗ ಒಂದೇ, ಆದರೆ ಯಾರೂ ಒಟ್ಟಿಗಿಲ್ಲ.
ಒಬ್ಬಳು ಮುಂದೆ, ಒಬ್ಬ ಇನ್ನೂ ಹಿಂದೆ,
ಅವರವರ ಕೊಂಕು, ಅವರವರ ಎಳೆತ.
ಹೊಸಬರಿಗೆ ಏನೋ ಕೆಟ್ಟುಹೋಯಿತೆನಿಸುತ್ತದೆ.
ನಲವತ್ತು ವರ್ಷ ಮಗ್ಗದ ಮುಂದೆ ಕೂತವಳು ಹೇಳುತ್ತೇನೆ,
ಎಲ್ಲ ಎಳೆಯೂ ಒಂದೇ ಕಡೆ ಹೋದರೆ
ಬಟ್ಟೆಯಾಗುವುದಿಲ್ಲ, ಹಗ್ಗವಾಗುತ್ತದೆ.

ಮಾರ್ಚಿಯಲ್ಲಿ ಅವನಿಗೆ ಲಕ್ವ ಹೊಡೆಯಿತು.
ಮನೆಯಲ್ಲಿ ಮಾತಿಲ್ಲ. ಚಹಾ ಬೇಕೇ ಎಂದರೆ
ಇಲ್ಲ ಎನ್ನುತ್ತಾನೆ, ಕೈ ಚಾಚುತ್ತಾನೆ.
ಎಫಿಗೆ ಅದು ಅಭ್ಯಾಸವಾಗಿದೆ.
ಆದರೆ ಹಾಡು ಇನ್ನೂ ಎಲ್ಲೋ ಇದೆ ಅವನಲ್ಲಿ,
ಬರುತ್ತದೆ, ಕೆಲವೊಮ್ಮೆ ಅರ್ಧಕ್ಕೆ ನಿಲ್ಲುತ್ತದೆ.

ನಿನಗೆ ಮುಂಚೆಯೇ ಹೇಳಬೇಕೆಂದದ್ದು ಇದು:
ಆಗ ಕಾಯುತ್ತೇವೆ.
ಯಾರೂ ಅವನ ಸೊಲ್ಲು ಕಸಿದು ಮುಗಿಸುವುದಿಲ್ಲ.
ಕೆಮ್ಮಬೇಡ. ಎಫಿಯ ಕಡೆ ನೋಡಬೇಡ.
ಹೋದ ವಾರ ನಾನು ಇಪ್ಪತ್ತೆರಡರವರೆಗೆ ಎಣಿಸಿದೆ,
ಹೊರಗೆ ಆರ್ಚಿಯ ಕುರಿ ಎರಡು ಸಲ ಕೂಗಿತು.
ಆಮೇಲೆ ಬಂತು.
ಬೇರೆಯದೇ ಕೀರ್ತನೆಯ ಸೊಲ್ಲು ಬಂತು.
ನಾವು ಅದನ್ನೇ ಹಿಡಿದೆವು.
ಸಭಾಪಾಲಕರು ಸದ್ದಾಗದಂತೆ ಪುಟ ತಿರುಗಿಸಿದರು.

ಮುಗಿದಮೇಲೆ ಚಹಾ ಗಿಹಾ ಇಲ್ಲ. ಕಾರುಗಳ ಮರೆಯಲ್ಲಿ ನಿಂತು
ಯಾರಿಗೆ ಏನು ಕಾಯಿಲೆ ಎಂಬ ಮಾತು, ಹತ್ತು ನಿಮಿಷ.
ನಮ್ಮಲ್ಲಿಗೆ ಬಾ. ಸೂಪು ಇವತ್ತೇ ಮಾಡಿಟ್ಟಿದ್ದೇನೆ,
ನಾಳೆ ಬಿಸಿ ಮಾಡಿದರಾಯಿತು.
ಯಾರಾದರೂ ಕೇಳಿದರೆ ಡೋಲಿನಾ ಕರೆದಳು ಅನ್ನು.

ಹೋಗು, ಬುಟ್ಟಿ ಭಾರ.
ಶನಿವಾರ ಇನ್ನೂ ಮುಗಿದಿಲ್ಲ,
ಆರರವರೆಗೆ ಬಿಸಿಲಿದೆಯಂತೆ.