ಉಗ್ರಾಣದ ಪುಸ್ತಕ

ಮಂಗಳವಾರ ಮಸ್ಕತ್ತಿನಿಂದ ತಪಾಸಣೆಗೆ ಬರುತ್ತಾರೆಂದು
ಸೋಮವಾರ ರಾತ್ರಿಯೇ ನೆಲ ಒರೆಸಿ ಮುಗಿಸಿದೆವು.
ಸೂರ್ ಊರಿನ ತರಬೇತಿ ಕೇಂದ್ರ:
ಹಡಗು ಕಟ್ಟಿದವರ ಮೊಮ್ಮಕ್ಕಳಿಗೆ
ಏಸಿ, ಫ್ರಿಜ್ಜು, ದೋಣಿಯ ಇಂಜಿನ್ನು ರಿಪೇರಿ ಕಲಿಸಿ
ಅಂಗಡಿ ಇಡಲು ಸರಕಾರದ ಸಾಲ, ಒಂದು ಪೆಟ್ಟಿಗೆ ಹತಾರ.
ಪೆಟ್ಟಿಗೆಗಳ ಕಾವಲು ನನ್ನದು, ಹನ್ನೊಂದು ವರ್ಷದಿಂದ.
ನಮ್ಮ ಗಂಗೊಳ್ಳಿಯಲ್ಲಿ ಸೂರು ಅಂದರೆ ಮಾಡಿನ ಅಂಚು.
ಅದರಡಿಯಲ್ಲೇ ನಿಂತಿದ್ದೇನೆ ಇಲ್ಲಿ,
ಪೂರ್ತಿ ಒಳಗೆ ಬಂದಿಲ್ಲ.

ಬಂದವಳು ಬದ್ರಿಯಾ. ಕಾಫಿ ಬೇಡ, ಖರ್ಜೂರ ಬೇಡ,
ಡೈರೆಕ್ಟರರ ಭಾಷಣವೂ ಬೇಡ.
ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಹೆಸರು, ಇಪ್ಪತ್ತನಾಲ್ಕು ಭತ್ಯೆ,
ಬೆಂಚಿನ ಮೇಲೆ ಒಂಬತ್ತು ಹುಡುಗರು.
‘ಉಳಿದವರು?’
‘ಕಡಲಿಗೆ ಹೋಗಿದ್ದಾರೆ.’
ಹದಿನೈದು ಜನ, ಒಂದೇ ದಿನ, ಒಂದೇ ಗಾಳಿಗೆ.

ಆಕೆ ಸೀದಾ ಉಗ್ರಾಣಕ್ಕೆ ಬಂದಳು.
ಸಹಿ ಸುಳ್ಳು ಹೇಳೀತು, ಸ್ಪ್ಯಾನರು ಹೇಗೆ ಹೇಳುತ್ತದೆ?
ಕಂಪ್ಯೂಟರಿನಲ್ಲಿ ತಲಾ ಐದು ಹತಾರ ಎಂದಿತ್ತು,
ಡೈರೆಕ್ಟರರು ಹೇಳಿದ ಹಾಗೆ ನಾನೇ ತುಂಬಿದ್ದು.
ಆದರೆ ಮೊಳೆಗೆ ನೇತುಹಾಕಿದ್ದ ನನ್ನ ಪುಸ್ತಕ,
ಯಾರಿಗೂ ಓದಲು ಬಾರದೆಂಬ ಧೈರ್ಯದಲ್ಲಿ
ನಿಜವನ್ನೇ ಬರೆದಿಟ್ಟ ಎಣ್ಣೆಕಲೆಯ ಪುಸ್ತಕ
ಆಕೆಯ ಕೈಗೆ ಸಿಕ್ಕಿತು.
ಬಾರದ ಹದಿನೈದು ನಂಬರುಗಳ ಮುಂದೆ ಬೆರಳಿಟ್ಟಳು:
೦
೦
೦
ಬಲೆಗೆ ಕಟ್ಟಿದ ಬೆಂಡುಗಳ ಹಾಗೆ, ಒಂದರ ಕೆಳಗೊಂದು.

ಆಕೆಯ ಮುಖ ಸಡಿಲಾಯಿತು. ‘ಖಮ್ಸಾ. ಖಮ್ಸಾ. ಖಮ್ಸಾ.’
ಆಗ ಹೊಳೆಯಿತು ನನಗೆ,
ನಮ್ಮ ಸೊನ್ನೆಯೇ ಅವರ ಬರಹದಲ್ಲಿ ಐದು.
ಲೆಕ್ಕ ತಾಳೆಯಾಗಿಬಿಟ್ಟಿತ್ತು.
ಡೈರೆಕ್ಟರರು ನನ್ನನ್ನು ನೋಡಿದರು.
ನನ್ನ ವೀಸಾದ ಕಾಗದಕ್ಕೆ ಅವರದೇ ಸಹಿ.
ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ,
ಬಾಯಿ ಮುಚ್ಚಿಕೊಂಡಿದ್ದರೆ ಸಾಕು.
ಮುಚ್ಚಿಕೊಂಡೆ.
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವುದನ್ನು ಎಣಿಸಿದೆ.

ಮಾತಾಡಿದವನು ಹುಮೈದ್.
ನನ್ನ ಕೆಲಸ ಕಲಿಯಲೆಂದು ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿದ ಹುಡುಗ.
ಅವನು ಕಲಿತ ದಿನ ನಾನು ಹೊರಡಬೇಕು, ಅದು ನಿಯಮ,
ಅದಕ್ಕೇ ಎರಡು ತಿಂಗಳು ಗುಡಿಸುವುದನ್ನಷ್ಟೇ ಕಲಿಸಿದ್ದೆ.
ನೋಡಿ ನೋಡಿ ಅಂಕಿ ಕಲಿತುಬಿಟ್ಟಿದ್ದಾನೆ, ಕಳ್ಳ.
‘ಅದು ಐದಲ್ಲ ಉಸ್ತಾದಾ, ಇವರಲ್ಲಿ ಅದು ಸಿಫ್ರ್. ಏನೂ ಇಲ್ಲ.
ಐದು ಬೇರೆ.’
ಕಪಾಟಿನ ನೆತ್ತಿಯ ಧೂಳಿನಲ್ಲಿ ಬರೆದು ತೋರಿಸಿದ: ೫.
ಕೆಳಗಿನ ಸುಳಿ ತಪ್ಪಿತ್ತು.
ತಡೆಯಲಾಗಲಿಲ್ಲ. ಬೆರಳು ಚಾಚಿ ತಿದ್ದಿದೆ,
ಎಲ್ಲರೂ ನೋಡುತ್ತಿದ್ದಾಗಲೇ.

ವರದಿ ಮಸ್ಕತ್ತಿಗೆ ಹೋಯಿತು. ಅಲ್ಲಿ ಏನಾಯಿತೋ.
ಡೈರೆಕ್ಟರರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ,
ಹೊರಟವನು ನಾನು.
ಆ ಬುಧವಾರದಿಂದ ಹುಮೈದನಿಗೆ ಎಲ್ಲ ಕಲಿಸಿದೆ,
ಯಾರನ್ನೂ ನಂಬಬೇಡ, ಎಣಿಸು, ಎಂಬುದನ್ನೂ.
ಇವತ್ತು ಬೀಗದ ಕೈ, ಟಾರ್ಚು, ಅಳತೆಯ ಟೇಪು
ನನ್ನೆದುರೇ ಎರಡು ಸಲ ಎಣಿಸಿಕೊಂಡ.
ನನ್ನಿಂದ ಬರಬೇಕಾದ ಬಾಕಿಯ ಕಲಮಿನಲ್ಲಿ
ಅವರ ಸೊನ್ನೆ ಇಟ್ಟ,
ಬರೀ ಒಂದು ಚುಕ್ಕಿ.
ಶಾಯಿ ಒಣಗಲೆಂದು ಊದಿದ.